ತೋಂಟದಾರ್ಯನ ಹೆಸರು ಅಚ್ಚಾದದ್ದು

ಕೇಳ್ರಪ್ಪಾ ಕೇಳಿ! ನಗೋರು ಮುಂದಕ್ಕೆ ಬನ್ನಿ, ಆಕಳಿಸೋರು ಹಿಂದಕ್ಕೆ ಸರೀರಿ. ನಡುವೆ ಯಾರಾದ್ರೂ ಕೆಮ್ಮಿದ್ರೋ, ಕತೆ ಮೊದಲಿಂದ ಶುರುವಾಯ್ತದೆ, ಈಗ್ಲೇ ಹೇಳಿಬಿಟ್ಟಿದ್ದೀನಿ.

ಬಾಣಗೆರೆ ಪೇಟೆಬೀದೀಲಿ ಗುರುಸಿದ್ದಮ್ಮ ಅಂತ ಒಬ್ಳು ಇದ್ಲು. ಕಡ್ಲೆಪುರಿ ಹುರಿದು ಮಾರೋಳು. ಗಂಡ ಶಿವನ ಪಾದ ಸೇರಿದ್ದ. ಇದ್ದೋನು ಒಬ್ಬನೇ ಮಗ. ಅವನೋ, ಅಯ್ಯಯ್ಯಪ್ಪಾ! ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅಂಥಾ ಮಗ ಸಿಕ್ಕೋದು ಪುಣ್ಯ ಅಂತೀರಾ? ಒಂದಿನ ನಿಮ್ಮನೇಲಿ ಇಟ್ಕೊಂಡು ನೋಡಿ, ಆಮೇಲೆ ಮಾತಾಡಿ!

"ಮಗಾ, ಗಿರಾಕಿ ಬಂದ್ರೆ ಪುರಿ ಅಳೆದು ಕೊಡಪ್ಪಾ" ಅಂತ ಹೇಳಿ ಗುರುಸಿದ್ದಮ್ಮ ನೀರಿಗೆ ಹೋದ್ಲು. ಬಂದು ನೋಡ್ತಾಳೆ, ಪಕ್ಕದ ದರ್ಜಿ ಅಂಗಡಿ ಟೇಪು ಇಸ್ಕೊಂಡು ಒಂದೊಂದೇ ಪುರಿ ಅಳೀತಾ ಕೂತವ್ನೆ! ಗಿರಾಕಿಗಳು ಬೀದಿ ತುದಿವರೆಗೂ ನಿಂತವ್ರೆ.

"ಅಯ್ಯೋ ಪೆದ್ದ ಮುಂಡೇದೇ! ಸೇರಲ್ಲಿ ಅಳೀಬೇಕು ಕಣೋ!"

"ಸೇರು ಅಂತ ನೀನು ಹೇಳ್ಲೇ ಇಲ್ವಲ್ಲವ್ವಾ!"

ಇಂಥೋನಿಗೆ ಊರು ಪೆದ್ದ ಅಂದ್ರೆ ತಪ್ಪೇನು? ಮಕ್ಕಳು ಪೆದ್ದ ಅಂದ್ವು, ಮುದುಕರು ಪೆದ್ದ ಅಂದ್ರು. ಅಪ್ಪ ಇಟ್ಟಿದ್ದ ಹೆಸರು ತೋಂಟದಾರ್ಯ. ಎಂಥಾ ಹೆಸರು! ಬಾಯಿ ತುಂಬೋ ಹೆಸರು! ಆ ಹೆಸರು ಹಿಡಿದು ಕರೆಯೋರು ಒಬ್ರೂ ಇರ್ಲಿಲ್ಲ. ಸಿಟ್ಟು ಬಂದಾಗ ಹೆತ್ತೋಳ ಬಾಯಲ್ಲೂ ಪೆದ್ದ ಅಂತಲೇ ಬರೋದು. ಅಂದ್ಬಿಟ್ಟು, ಆಮೇಲೆ ಒಲೆ ಮುಂದೆ ಕೂತು ಕಣ್ಣೊರೆಸ್ಕೊಳ್ಳೋಳು. ಹೊಗೆ ಹೊಗೆ ಅನ್ನೋಳು.

ಆದ್ರೆ ಈ ಪೆದ್ದನಿಗೆ ಕತೆ ಅಂದ್ರೆ ಪ್ರಾಣ. ಪೊಟ್ಟಣ ಕಟ್ಟೋಕೆ ಹಳೇ ಪತ್ರಿಕೆ ತರ್ತಿದ್ರಲ್ಲ, ಅದನ್ನೆಲ್ಲಾ ಓದೋನು. ಹಾಳೆ ಹರಿದ ಕಡೆ ಕತೆ ನಿಂತೋಗೋದು. ಮುಂದಿಂದನ್ನ ತಾನೇ ಕಟ್ಟಿ ಬೀದಿ ಮಕ್ಕಳಿಗೆ ಹೇಳೋನು. ಮಕ್ಕಳು ಕೈಯಲ್ಲಿರೋ ಪುರಿ ಮರೆತು ಬಾಯಿ ಬಿಟ್ಕೊಂಡು ಕೂರೋವು.

ಒಂದಿನ ಪೋಸ್ಟಿನ ಕರಿಬಸಪ್ಪ ಪುರಿ ತಗೊಳ್ಳೋಕೆ ಬಂದೋನು ನಿಂತು ಕತೆ ಕೇಳ್ದ. ಕೇಳಿ ದಂಗಾದ.

"ಅಕ್ಕಾ, ಇವನ ಕತೆ 'ಮಿಂಚುಗನ್ನಡಿ' ವಾರಪತ್ರಿಕೆಗೆ ಕಳಿಸೋಣ. ಅವ್ರು ಹೊಸಬರ ಕತೆ ಹಾಕ್ತಾರೆ. ಕತೆ ಜತೆಗೆ ಹೆಸರೂ ಹಾಕ್ತಾರೆ."

ಬಾಣಲೇಲಿ ಆಡ್ತಿದ್ದ ಗುರುಸಿದ್ದಮ್ಮನ ಕೈ ನಿಂತೋಯ್ತು. "ಹೆಸರಾ? ತೋಂಟದಾರ್ಯ ಅಂತ ಅಚ್ಚಾಯ್ತದಾ? ಜನ ಓದ್ತಾರಾ?"

"ಓದ್ದೆ? ನಾಡಿಗೆ ನಾಡೇ ಓದ್ತದೆ!"

"ಹಂಗಾದ್ರೆ ಒಂದು ಸಲ ಆಗ್ಲಪ್ಪಾ, ಒಂದೇ ಒಂದು ಸಲ. ಜನದ ಬಾಯಲ್ಲಿ ನನ್ನ ಮಗನ ಹೆಸರು ಕಿವಿಯಾರ ಕೇಳಿಬಿಟ್ರೆ ನಂಗಿನ್ನೇನೂ ಬೇಡ."

ಕರಿಬಸಪ್ಪ ಪೆದ್ದನ್ನ ಕೂರಿಸ್ಕೊಂಡು ಬುದ್ಧಿ ಹೇಳ್ದ. "ನೋಡಪ್ಪಾ, ಪತ್ರಿಕೆಯೋರದ್ದು ಒಂದು ನೇಮ. ಯಾವಾಗ್ಲೂ ಒಂದೇ ಮಗ್ಗುಲಲ್ಲಿ ಬರೀಬೇಕು. ಎರಡೂ ಮಗ್ಗುಲಲ್ಲಿ ಬರೆದ್ರೆ ಅವ್ರು ಮುಟ್ಟೋದೂ ಇಲ್ಲ."

"ಅಷ್ಟೇ ತಾನೇ!" ಅಂದ ಪೆದ್ದ. ಚಾಪೆ ಹಾಸಿದ. ಎಡ ಮಗ್ಗುಲಾಗಿ ಮಲಗ್ದ. ಬರೆಯೋಕೆ ಶುರು ಮಾಡ್ದ.

ಬೆಳಗಾಯ್ತು, ಬೈಗಾಯ್ತು, ಎಡ ಮಗ್ಗುಲು ಬಿಡ್ಲಿಲ್ಲ.

"ಊಟಕ್ಕೆ ಏಳೋ!"

"ಏಳಂಗಿಲ್ಲವ್ವಾ, ಬರೀತಾ ಇದ್ದೀನಿ."

"ಬಲಕ್ಕಾದ್ರೂ ಹೊರಳ್ಕೊಳೋ, ಕೈ ಜೋಮು ಹಿಡೀತದೆ!"

"ಹೊರಳಿದ್ರೆ ಪತ್ರಿಕೆಯೋರು ಮುಟ್ಟಲ್ವಂತೆ!"

ಮಲಗಿದ್ದೋನ ಬಾಯಿಗೇ ಮುದ್ದೆ ಇಟ್ಲು ತಾಯಿ. ಅವನು ಹಾಳೆಯ ಹಿಂದೂ ಬರೆದ, ಮುಂದೂ ಬರೆದ, ಅಂಚಲ್ಲೂ ಬರೆದ. ತಾನು ಮಾತ್ರ ಒಂದೇ ಮಗ್ಗುಲು! ಕತೆ ಹೋಯ್ತು. ಸ್ವಲ್ಪ ದಿನಕ್ಕೆ ಸಂಪಾದಕರ ಕಾರ್ಡು ಬಂತು. ಕರಿಬಸಪ್ಪನೇ ಓದ್ದ. "ಹಾಳೆಯ ಎರಡೂ ಮಗ್ಗುಲಲ್ಲಿ ಬರೆದಿದ್ದೀರಿ. ಅಕ್ಷರಗಳು ಮಲಗಿಬಿಟ್ಟಿವೆ. ಅಚ್ಚುಕಟ್ಟಾಗಿ ಕಳಿಸಿದರೆ ನೋಡೋಣ."

"ಥೂ ಪೆದ್ದಾ! ಮಗ್ಗುಲು ಅಂದ್ರೆ ಹಾಳೆ ಮಗ್ಗುಲು ಕಣೋ, ನಿನ್ನ ಮಗ್ಗುಲಲ್ಲ!" ಅಂತ ತಲೆ ಚಚ್ಚಿಕೊಂಡ್ಲು ಗುರುಸಿದ್ದಮ್ಮ. "ಕೇಳಿಸ್ತಾ? ಈ ಸಲ ಅಚ್ಚುಕಟ್ಟಾಗಿ ಕಳಿಸು!"

"ಆಗ್ಲವ್ವಾ. ಅಚ್ಚು ಎಷ್ಟು ಕಟ್ಲಿ?"

ಅವಳು ಪುರಿ ಜರಡಿ ಹಿಡೀತಿದ್ಲು, ಕೇಳಿಸ್ಕೊಳ್ಳಲಿಲ್ಲ. ಪೆದ್ದ ಡಬ್ಬ ಬಿಚ್ಚಿದ. ಅಚ್ಚುಬೆಲ್ಲ ಇತ್ತಲ್ಲ, ದಪ್ಪ ದಪ್ಪದ್ದು ಆರಿಸಿ ಕತೆ ಜತೆಗಿಟ್ಟು, ಬಟ್ಟೇಲಿ ಸುತ್ತಿ ಗಟ್ಟಿಯಾಗಿ ಕಟ್ಟಿದ. ಅಚ್ಚೂ ಆಯ್ತು, ಕಟ್ಟೂ ಆಯ್ತು! ಪೋಸ್ಟಾಫೀಸಿನ ಚೀಲಕ್ಕೆಲ್ಲಾ ಇರುವೆ ಹತ್ಕೊಂಡ್ವು. ಊರಿನ ಕಾಗದ ಹಂಚೋಕೆ ಹೋದ ಕರಿಬಸಪ್ಪ ಮನೆಮನೆ ಮುಂದೂ ಕುಣಿದ. ಅವನು ಕುಣಿಯೋದ ಕಂಡು ಜನ, ಪೋಸ್ಟಿನೋನಿಗೆ ಬಡ್ತಿ ಬಂದೈತೆ ಅಂದ್ಕೊಂಡ್ರು.

ಕಾರ್ಡು ಬಂತು. "ಬೆಲ್ಲ ಚೆನ್ನಾಗಿತ್ತು. ಕತೆ ಸಪ್ಪೆ. ಹೇಳುವ ವಿಷಯಕ್ಕೆ ಒಂದಿಷ್ಟು ಉಪ್ಪು ಖಾರ ಹಚ್ಚಿ."

"ಬೆಲ್ಲ ಕಳಿಸ್ತಾರೇನೋ ಗೂಬೆ! ಪತ್ರಿಕೆ ಅಂದ್ರೆ ಬೀಗರ ಮನೆಯಾ!" ತಾಯಿ ಸಿಡಿದ್ಲು. "ನಿನ್ನ ಬೆಲ್ಲ ಬೇಡ್ವಂತೆ! ಉಪ್ಪು ಖಾರ ಕೇಳ್ತಾವ್ರೆ, ಅದನ್ನ ಮಾಡು!"

ಮಾಡ್ದ. ಅಯ್ಯೋ, ಮಾಡ್ದೆ ಬಿಡ್ತಾನಾ? ಕತೇನ ಚೊಕ್ಕವಾಗಿ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಪುಡಿ, ಮೇಲೆ ಉಪ್ಪು, ಪ್ರತಿ ಹಾಳೆಗೂ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಹಚ್ಚಿದ. ಉಪ್ಪಿನಕಾಯಿ ಹೋಳಿಗೂ ಯಾರೂ ಹಂಗೆ ಹಚ್ಚಲ್ಲ. ಅಲ್ಲಿ ಸಂಪಾದಕರು ಲಕೋಟೆ ಬಿಚ್ಚಿದ್ದೇ ತಡ, ಆಕ್ಷೀ! ಅಚ್ಚಿನ ಮೊಳೆ ಜೋಡಿಸೋನು, ಆಕ್ಷೀ! ಟೀ ತರೋನು ಬಾಗಿಲಲ್ಲೇ, ಆಕ್ಷೀ!

ಕಾರ್ಡು ಬಂತು. ಅಕ್ಷರ ನಡುಗ್ತಿದ್ವು. "ಕಣ್ಣೊರೆಸಿಕೊಂಡು ಓದಿದೆವು. ಈಗ ಕತೆಗೆ ರುಚಿ ಬಂದಿದೆ. ಆದರೆ ಬಹಳ ಉದ್ದ. ನಡುವೆ ಕತ್ತರಿ ಆಡಿಸಿ ಕಳಿಸಿ."

"ರುಚಿ ಬಂದೈತಂತೆ ಅಕ್ಕಾ!" ಅಂತ ಕರಿಬಸಪ್ಪ ಕೂಗ್ದ. ಗುರುಸಿದ್ದಮ್ಮನಿಗೆ ಬಯ್ಯಬೇಕೋ ನಗಬೇಕೋ ತಿಳೀಲಿಲ್ಲ. ಎರಡನ್ನೂ ಮಾಡಿದ್ಲು. "ಪುಡಿ ಹಚ್ಚೋದಲ್ಲ ಕಣೋ ಕೋತಿ, ಮಾತಲ್ಲಿ ಹಚ್ಚೋದು! ಹೋಗ್ಲಿ. ಇನ್ನು ಕತ್ತರಿಯೊಂದು ಆಡಿಸಿಬಿಡು, ಗೆದ್ದಂಗೇ!"

ಪೆದ್ದ ಕತೇನ ಇನ್ನೊಂದು ಸಲ ಬರೆದು, ದರ್ಜಿ ಅಂಗಡಿಗೆ ಓಡಿ ದೊಡ್ಡ ಕತ್ತರಿ ತಂದ. ನಡುವೆ ಅಂದವ್ರಲ್ಲಾ? ಹಾಳೆಗಳ ನಟ್ಟನಡುವೆ, ಮೇಲಿಂದ ಕೆಳಗೆ, ಕರಕರಕರ ಆಡಿಸಿದ. ಎಡಗಡೆ ಒಂದು ಕಟ್ಟು, ಬಲಗಡೆ ಒಂದು ಕಟ್ಟು. ಅಷ್ಟರಲ್ಲಿ ಹಸಿವಾಯ್ತು, ಒಳಗೆ ಹೋದ. ತಾಯಿ ಬಂದ್ಲು, ಗಿರಾಕಿ ಬಂದ, ಕೈಗೆ ಸಿಕ್ಕ ಕಾಗದದಲ್ಲಿ ಪುರಿ ಕಟ್ಟಿದ್ಲು. ಪಾಪ, ಓದು ಬಾರದೋಳು, ಅವಳಿಗೇನು ಗೊತ್ತು? ಮಗನ ಬಲಗಡೆ ಕತೆ ಪೂರ್ತಿ ಸಂತೆಗೆ ಹೋಯ್ತು!

ಪೆದ್ದ ಬಂದು ಹುಡುಕ್ದ. ಸಿಗ್ಲಿಲ್ಲ. ಹಳೇ ಪತ್ರಿಕೆ ಹಾಳೆ ಬಿದ್ದಿತ್ತು, ಅಳತೆ ಸರಿಯಾಗಿತ್ತು. ಅದನ್ನೇ ಅಂಟಿಸಿ ಕಳಿಸ್ದ. ಎಡಗಡೆ ಅವನ ಕತೆ, ಬಲಗಡೆ ಇನ್ಯಾರದೋ ಕತೆ. ಎಡಗಡೆ ಹುಲಿ ಬಾಯಿ ತೆರೆದ್ರೆ, ಬಲಗಡೆ ಮದುವೆ ಓಲಗ ಊದ್ತಿತ್ತು!

ಕಾರ್ಡು ಬಂತು. ಈ ಸಲ ಅಕ್ಷರದಲ್ಲೂ ಸಿಟ್ಟಿತ್ತು. "ಬಲಗಡೆಯದು ನಮ್ಮ ಪತ್ರಿಕೆಯಲ್ಲೇ ಬಂದ ಹಳೆಯ ಕತೆ! ಇನ್ನೊಬ್ಬರ ಮಾತಿಗೆ ನಿಮ್ಮ ಹೆಸರು ಹಾಕಿಕೊಳ್ಳುವುದು ಕಳ್ಳತನ. ಯಾರ ಮಾತೋ ಅವರ ಹೆಸರು ಹಾಕಬೇಕು. ಇನ್ನೊಮ್ಮೆ ಹೀಗೆ ಮಾಡಿದರೆ ನಿಮ್ಮ ಯಾವ ಕತೆಯನ್ನೂ ನೋಡುವುದಿಲ್ಲ."

ಕಳ್ಳತನ! ಆ ಮಾತು ಕೇಳಿ ಗುರುಸಿದ್ದಮ್ಮ ತಲೆ ಮೇಲೆ ಕೈ ಹೊತ್ತು ಕೂತ್ಲು. ಪೆದ್ದ ಅನ್ನಿಸ್ಕೊಂಡದ್ದು ಸಾಲ್ದು ಅಂತ ಈಗ ಕಳ್ಳನೂ ಆದ್ನಾ ನನ್ನ ಮಗ? ಹೆಸರು ಬರ್ಲಿ ಅಂತ ಕಾದ್ರೆ ಹೆಸರು ಕೆಡೋ ಹಂಗಾಯ್ತಲ್ಲ! ಮಗನ ಕಡೆ ತಿರುಗಿದ್ಲು.

"ನಿನ್ನಿಂದ ಆಗಲ್ಲ ಬಿಡೋ! ಹುಲೀನೂ ಬೇಡ, ರಾಜನೂ ಬೇಡ! ನಿನ್ನ ಹಣೇಬರಹ ಬರ್ಕೋ ಹೋಗು!"

"ಹಣೇಬರಹಾನಾ? ಎಲ್ಲಿಂದ ಬರೀಲಿ?"

"ಶುರುವಿಂದ ಬರ್ಕೋ!" ಅಂದು ಸೆರಗು ಮುಖಕ್ಕೆ ಹಾಕ್ಕೊಂಡು ಅತ್ಲು.

ಪೆದ್ದ ಕನ್ನಡಿ ತಂದ. ಮಸಿ ತಂದ. ಹಣೆ ಮೇಲೆ ಬರೆಯೋಕೆ ಶುರು ಮಾಡ್ದ. "ಬಾಣಗೆರೆಯಲ್ಲಿ ತೋಂಟದಾರ್ಯ ಎಂಬೊಬ್ಬನಿದ್ದ" ಅಂತ ಬರೆಯೋದ್ರಲ್ಲಿ ಹಣೆ ಮುಗಿದು ಹುಬ್ಬು ಬಂತು! ಅಪ್ಪನ ಬೋಳುತಲೆ ತನಗಿದ್ದಿದ್ರೆ ಇನ್ನೂ ಬರೀಬಹುದಿತ್ತು ಅಂತ ನೊಂದ್ಕೊಂಡ. ಕನ್ನಡಿ ನೋಡ್ಕೊಂಡು ಅದನ್ನ ಹಾಳೆಗಿಳಿಸಿ, ಉಳಿದದ್ದನ್ನೂ ಹಾಳೇಲೇ ಬರೆದ. ಟೇಪಲ್ಲಿ ಪುರಿ ಅಳೆದದ್ದು ಬರೆದ. ಮಗ್ಗುಲು ಬರೆದ, ಬೆಲ್ಲ ಬರೆದ, ಖಾರ ಬರೆದ, ಕತ್ತರಿ ಬರೆದ. ಪ್ರತಿ ಸಲ ಅವ್ವ ಏನಂದ್ಲೋ ಅದನ್ನ ಅಂದಂಗೇ ಬರೆದ. ಪೆದ್ದ, ಗೂಬೆ, ಕೋತಿ, ಒಂದೂ ಬಿಡ್ಲಿಲ್ಲ. ಒಂದೇ ಮಗ್ಗುಲು, ಬೆಲ್ಲ ಇಲ್ಲ, ಪುಡಿ ಇಲ್ಲ, ಕತ್ತರಿ ಇಲ್ಲ. ಯಾರಿಗೂ ಹೇಳದೆ ಪೋಸ್ಟಿನ ಡಬ್ಬಿಗೆ ಹಾಕಿ ಬಂದ.

ಕಾರ್ಡು ಬರ್ಲಿಲ್ಲ. ಗುರುಸಿದ್ದಮ್ಮ ಆಸೇನೇ ಬಿಟ್ಲು.

ಒಂದು ಸಂತೆ ದಿನ. ಅಂಗಡಿ ಮುಂದೆ ಜನವೋ ಜನ, ಪೆದ್ದ ಪೊಟ್ಟಣ ಕಟ್ತಾ ಕೂತಿದ್ದ. ಕರಿಬಸಪ್ಪ ಸೈಕಲ್ಲೂ ಬಿಟ್ಟು ಓಡ್ಕೊಂಡು ಬಂದ, ಕೈಯಲ್ಲಿ 'ಮಿಂಚುಗನ್ನಡಿ'! "ಎಲ್ರೂ ಸುಮ್ಕಿರಿ! ಒಂದು ಕತೆ ಓದ್ತೀನಿ!" ಅಂತ ಪುರಿ ಮೂಟೆ ಮೇಲೆ ಹತ್ತಿ ನಿಂತ.

"ಬಾಣಗೆರೆಯಲ್ಲಿ ತೋಂಟದಾರ್ಯ ಎಂಬೊಬ್ಬನಿದ್ದ..."

ಗುರುಸಿದ್ದಮ್ಮ ಜರಡಿ ಹಿಡಿದಂಗೇ ತಿರುಗಿ ನೋಡಿದ್ಲು. ಕರಿಬಸಪ್ಪ ಓದ್ತಾ ಹೋದ, ಜನ ನಗ್ತಾ ಹೋದ್ರು. ಎಡ ಮಗ್ಗುಲಲ್ಲಿ ಮುದ್ದೆ ತಿಂದದ್ದು ಬಂತು, ಒಬ್ಬ ಹೊಟ್ಟೆ ಹಿಡ್ಕೊಂಡ. ಇರುವೆ ಬಂತು, ಇನ್ನೊಬ್ಬ ನೆಲಕ್ಕೆ ಕೂತ. ಖಾರ ಬಂತು, ನಗ್ತಾ ನಗ್ತಾ ಒಂದು ಮುದುಕಿ ಸೀನೇಬಿಟ್ಲು!

"ಎಲಾ ಇವ್ನಾ! ಯಾರೋ ಈ ತೋಂಟದಾರ್ಯ?" ಅಂದ ಎಣ್ಣೆ ಅಂಗಡಿಯೋನು. "ನಮ್ಮೂರಲ್ಲಿ ಈ ಹೆಸರಿನೋನು ಯಾರವ್ನೆ? ನಮ್ಮ ಪೆದ್ದನ್ನೂ ಮೀರಿಸ್ತಾನಲ್ಲ! ಆದ್ರೂ ಬಲೇ ಮೋಜುಗಾರ ಕಣ್ರಯ್ಯಾ ತೋಂಟದಾರ್ಯ!"

"ತೋಂಟದಾರ್ಯನ್ನ ಕರೆಸಿ, ಒಂದು ಸಲ ನೋಡ್ಬೇಕು!" ಅಂದ್ರು ಜನ. "ತೋಂಟದಾರ್ಯ! ತೋಂಟದಾರ್ಯ!"

ಗುರುಸಿದ್ದಮ್ಮ ಎದ್ದು ನಿಂತ್ಲು. ಕೈಯಲ್ಲಿ ಜರಡಿ ಇತ್ತು, ಕಣ್ಣಲ್ಲಿ ನೀರಿತ್ತು. ಈ ಸಲ ಹೊಗೆ ಅನ್ನಲಿಲ್ಲ.

"ನನ್ನ ಮಗ ಕಣ್ರಯ್ಯಾ ಅವನು! ಇಗೋ, ನಿಮ್ಮ ಮುಂದೇನೇ ಕೂತವ್ನಲ್ಲಾ, ಇವನೇ ತೋಂಟದಾರ್ಯ! ನೀವು ಪೆದ್ದ ಪೆದ್ದ ಅಂತ ಕೂಗ್ತಿದ್ರಲ್ಲ, ಇವತ್ತು ಅವನ ಕತೆಗೆ ಯಾರು ಯಾರು ಬಿದ್ದು ಬಿದ್ದು ನಕ್ರಿ, ಹೇಳ್ರಿ ನೋಡೋಣ!"

ಜನ ಮೂಗಿನ ಮೇಲೆ ಬೆರಳಿಟ್ರು. ಮರುಗಳಿಗೆ ಅವನನ್ನ ಎತ್ಕೊಂಡು ಸಂತೆಯೆಲ್ಲಾ ಸುತ್ತಿಸಿದ್ರು. "ತೋಂಟದಾರ್ಯ! ತೋಂಟದಾರ್ಯ!"

"ತಾಳ್ರಪ್ಪಾ, ಬರೆದೋರ ಹೆಸರು ಓದೋದು ಉಳಿದೈತೆ!" ಅಂತ ಕರಿಬಸಪ್ಪ ಕೊನೇ ಸಾಲು ನೋಡ್ದ. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡ್ದ. "ಬರೆದವರು... ಶ್ರೀಮತಿ ಗುರುಸಿದ್ದಮ್ಮ, ಕಡಲೆಪುರಿ ಅಂಗಡಿ, ಬಾಣಗೆರೆ!"

"ಆಂ!" ಅಂದ್ಲು ಗುರುಸಿದ್ದಮ್ಮ. "ನಂಗೆ ಒಂದಕ್ಷರ ಬರಲ್ಲ, ನಾನ್ಯಾವಾಗ ಬರೆದ್ನೋ!"

"ಕತೇಲಿ ಇರೋ ಬೈಗುಳ ಎಲ್ಲಾ ನಿಂದೇ ಅಲ್ವೇನವ್ವಾ?" ಅಂದ ಮಗ, ಜನರ ಹೆಗಲ ಮೇಲಿಂದ. "ಯಾರ ಮಾತೋ ಅವರ ಹೆಸರು ಹಾಕ್ಬೇಕಂತೆ. ನಾನು ಕಳ್ಳ ಅಲ್ಲವ್ವಾ!"

ಏನಂತ ಬಯ್ತಾಳೆ ಅವಳು? ಬಯ್ಯೋಕೆ ಬಾಯಿ ತೆರೆದ್ಲು, ನಗು ಬಂತು. ನಗೋಕೆ ಹೋದ್ಲು, ಅಳು ಬಂತು. ಮಾರನೇ ವಾರ ಇನ್ನೊಂದು ಕಾರ್ಡು. "ಇನ್ನೊಂದು ಕತೆ ಬೇಗ ಕಳಿಸಿ." ಗುರುಸಿದ್ದಮ್ಮ ಮಗನ ಕಿವಿ ಹಿಡಿದ್ಲು.

"ಈ ಸಲ ನಿನ್ನ ಹೆಸರೇ ಇರ್ಬೇಕು! ನಿನ್ನ ಹೆಸರು ಬಿಟ್ಟು ಇನ್ಯಾರ ಹೆಸರೂ ಇರಕೂಡ್ದು! ಕಳಿಸೋಕೆ ಮೊದ್ಲು ನನ್ನ ಮುಂದೆ ಓದ್ಬೇಕು!"

"ಆಗ್ಲವ್ವಾ!" ಬರೆದ. ಒಲೆ ಮುಂದೆ ಬಂದು ನಿಂತು ಓದ್ದ.

"ತೋಂಟದಾರ್ಯ ಎಂಬ ಊರಿನಲ್ಲಿ ತೋಂಟದಾರ್ಯ ಎಂಬ ರಾಜನಿದ್ದ. ಅವನ ರಾಣಿಯ ಹೆಸರು ತೋಂಟದಾರ್ಯ. ಒಂದು ದಿನ ತೋಂಟದಾರ್ಯನು ತೋಂಟದಾರ್ಯಳೊಡನೆ ಜಗಳವಾಡಿ, ತೋಂಟದಾರ್ಯ ಎಂಬ ಆನೆಯ ಮೇಲೆ ಕೂತು, ತೋಂಟದಾರ್ಯ ಎಂಬ ಹೊಳೆಯನ್ನು ದಾಟಿ..."

ಗುರುಸಿದ್ದಮ್ಮ ಬೆನ್ನಿಗೆ ಗುದ್ದೋಕೆ ಕೈ ಎತ್ತಿದ್ಲು. ಎತ್ತಿದ ಕೈ ಹಂಗೇ ನಿಂತೋಯ್ತು. ರಾಜನೂ ತೋಂಟದಾರ್ಯ, ರಾಣೀನೂ ತೋಂಟದಾರ್ಯ, ಆನೇನೂ ತೋಂಟದಾರ್ಯ! ಬಾಯಿ ತುಂಬೋ ಹೆಸರು, ಮನೆ ತುಂಬಾ ಆಯ್ತು. ಎತ್ತಿದ ಕೈಯಲ್ಲಿ ಮಗನ ತಲೆ ಸವರಿದ್ಲು.

"ಓದ್ತಾನೇ ಇರು ಮಗನೇ, ನಿಲ್ಲಿಸಬೇಡ" ಅಂದ್ಲು.

ಅನ್ನಬಾರದಿತ್ತು ಕಣ್ರಪ್ಪಾ! ಕತೆ ಮುಗೀತು, ಅವನು ನಿಲ್ಲಿಸ್ಲಿಲ್ಲ. ಪುರಿ ಸೀದು ಕರೀಕಾಯ್ತು, ನಿಲ್ಲಿಸ್ಲಿಲ್ಲ. ಕರಿಬಸಪ್ಪ ಕತೆ ಇಸ್ಕೊಳ್ಳೋಕೆ ಬಂದ್ರೆ ಕೊಡ್ಲಿಲ್ಲ, ಇನ್ನೂ ಓದ್ತಿದ್ದೀನಿ ಅಂದ. ನಾನು ಈ ಕಡೆ ಹೊರಟು ಬರೋವಾಗ್ಲೂ ಓದ್ತಾನೇ ಇದ್ದ. ನಂಬಿಕೆ ಇಲ್ದೋರು ಬಾಣಗೆರೆಗೆ ಹೋಗಿ ಕೇಳ್ಕೊಂಡು ಬನ್ನಿ. ಪೆದ್ದನ ಮನೆ ಯಾವ್ದು ಅಂದ್ರೆ ಯಾರೂ ತೋರಿಸಲ್ಲ. ತೋಂಟದಾರ್ಯನ ಮನೆ ಅನ್ನಿ, ಕೈ ಹಿಡಿದು ಕರ್ಕೊಂಡೋಗಿ ಬಿಡ್ತಾರೆ!