ಗೆರೆಯಿಲ್ಲದ ದೋಣಿ

"ಗುರುಗಳೇ, ನನ್ನನ್ನು ಗುಡ್ಡದ ಮೇಲಿನ ಗವಿಗೆ ಕಳುಹಿಸಿಬಿಡುತ್ತೀರಾ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಇನ್ನೂ ಸಾರಿನ ಸೌಟಿತ್ತು. ಮಠದಲ್ಲಿ ಮಧ್ಯಾಹ್ನದ ಪಂಕ್ತಿಗೆ ಬಡಿಸುವ ಕೆಲಸ ಅವನದು. ಅಂದು ಒಬ್ಬ ಮುದುಕ ಮೊದಲು ತಿಳಿ ಸಾರು ಕೇಳಿ, ಆಮೇಲೆ ಗಟ್ಟಿ ಕೇಳಿ, ಮತ್ತೆ ತಿಳಿಯೇ ಇರಲಿ ಎಂದಿದ್ದ. ಶಿಷ್ಯ ಆಡಬಾರದ ಮಾತೊಂದನ್ನು ಆಡಿ, ಪಂಕ್ತಿಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಉಳಿದವರಿಗೆ ಬೇರೆ ಯಾರೋ ಬಡಿಸಿ ಮುಗಿಸಿದ್ದರು.

"ಎಂಟು ವರ್ಷವಾಯಿತು" ಎಂದ ಅವನು. "ದಿನಾ ಬೆಳಿಗ್ಗೆ ಕುಳಿತು ಮನಸ್ಸನ್ನು ತೊಳೆದುಕೊಳ್ಳುತ್ತೇನೆ. ಮಧ್ಯಾಹ್ನ ಪಂಕ್ತಿಗೆ ಇಳಿದರೆ ಸಿಟ್ಟಿನ ಕಲೆ ಮತ್ತೆ ಅದೇ ಜಾಗದಲ್ಲಿ ಹತ್ತುತ್ತದೆ. ತೊಳೆದು ತೊಳೆದು ನನಗೇ ರೋಸಿಹೋಗಿದೆ. ಜನರೇ ಇಲ್ಲದ ಕಡೆ ಇದ್ದರೆ ಶುದ್ಧನಾಗಿರಬಲ್ಲೆ."

"ಸೌಟು ಕೆಳಗಿಡು, ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಕಡೆ ಒಬ್ಬ ಅಂಬಿಗನಿದ್ದ. ಅವನಿಗೊಂದು ಹಾಯಿದೋಣಿ. ಜನರನ್ನು ದಾಟಿಸುವುದು ಅವನ ಕೆಲಸ. ಹೊಳೆಯ ನಡುವೆ ಒಂದು ಕುದ್ರು, ಎಂದರೆ ಸುತ್ತ ನೀರಿರುವ ಸಣ್ಣ ನಡುಗಡ್ಡೆ. ತನ್ನ ಒಬ್ಬಳೇ ಮಗಳನ್ನು ಅವನು ಆ ಕುದ್ರುವಿಗೆ ಮದುವೆ ಮಾಡಿಕೊಟ್ಟಿದ್ದ.

ದೋಣಿಯ ಹೊರಮೈಗೆ ಅವನು ಸುಣ್ಣ, ಎಣ್ಣೆ ಕಲಸಿ ಬಳಿದಿದ್ದ. ನೀರಿಗಿಳಿಸಿದ ದಿನ ಅದು ಬೆಳ್ಳಗೆ ಇತ್ತು. ಆದರೆ ಹೊಳೆಯ ನೀರು ಕೆಂಪು. ಹದಿನೈದು ದಿನ ಕಳೆಯುವುದರೊಳಗೆ, ನೀರು ಮುಟ್ಟುವ ಮಟ್ಟದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಕಂದು ಗೆರೆ ಮೂಡಿತು. ಎಲ್ಲ ದೋಣಿಗಳಿಗೂ ಅಂಥ ಗೆರೆಯಿತ್ತು. ಅದನ್ನು ನೋಡುವ ಪುರುಸೊತ್ತು ಉಳಿದ ಅಂಬಿಗರಿಗೆ ಇರಲಿಲ್ಲ. ಇವನಿಗೆ ಮಾತ್ರ ಅದು ಕಣ್ಣಲ್ಲಿ ಬಿದ್ದ ಕಸ.

ದೋಣಿಯನ್ನು ದಡಕ್ಕೆಳೆದು ತೆಂಗಿನ ನಾರಿನಿಂದ ತಿಕ್ಕಿದ. ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದ. ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಹಿತ್ತಲಿನ ಬಿಂಬುಳಿ ಮರದಿಂದ ಒಂದು ಬುಟ್ಟಿ ಕಾಯಿ ಕೊಯ್ದು, ಜಜ್ಜಿ, ಆ ಹುಳಿಯಲ್ಲಿ ಉಜ್ಜಿದ. ಗೆರೆ ಹೋಯಿತು. ಅದರ ಜೊತೆಗೆ ಸುಣ್ಣವೂ ಹೋಯಿತು. ಮತ್ತೆ ಸುಣ್ಣ ಬಳಿದು, ಒಣಗಿಸಿ, ನೀರಿಗಿಳಿಸಿದ. ಹನ್ನೆರಡನೆಯ ದಿನಕ್ಕೆ ಗೆರೆ ವಾಪಸ್ಸು ಬಂತು.

ಹೀಗೆ ಒಂದು ಸಲವಲ್ಲ, ಏಳು ಸಲ. ದಾಟುವವರು ದೋಣಿ ಹತ್ತುವ ಕಡವಿನಲ್ಲಿ ನಿಂತು ಕೂಗುತ್ತಿದ್ದರು. ಇವನು ದೋಣಿಯ ಹೊಟ್ಟೆಗೆ ಮುಖವಿಟ್ಟು ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಬೆರಳಿನ ಚರ್ಮ ಕಿತ್ತುಬಂತು. ಹೊಳೆಗೆ ಬೈದ, ಸುಣ್ಣ ಕೊಟ್ಟವನಿಗೆ ಬೈದ, ಬಿಂಬುಳಿ ಮರಕ್ಕೂ ಬೈದ. ಗೆರೆ ಯಾವ ಬೈಗುಳಕ್ಕೂ ಸೊಪ್ಪು ಹಾಕಲಿಲ್ಲ.

ಹೆಂಡತಿಗೂ ಸಾಕುಸಾಕಾಗಿತ್ತು. "ನೀರಲ್ಲಿರುವ ದೋಣಿಗೆ ಗೆರೆ ಬೀಳದೆ, ಮನೆಯೊಳಗಿಟ್ಟ ದೋಣಿಗೆ ಬೀಳ್ತದಾ ಮಾರಾಯ್ರೆ? ಮೀನು ಸಾರಿಗೆ ಹಾಕುವಾ ಅಂದ್ರೆ ಮರದಲ್ಲಿ ಒಂದು ಕಾಯಿ ಇಲ್ಲ" ಎಂದಳು.

ಅವಳು ಬೈದದ್ದು ಅವನಿಗೆ ಉಪಾಯವಾಗಿ ಕೇಳಿಸಿತು. ಮರುದಿನವೇ ದೋಣಿಯನ್ನು ಮೇಲಕ್ಕೆಳೆಸಿ, ಹೊಸದಾಗಿ ಸುಣ್ಣ ಬಳಿದು, ಅದಕ್ಕೊಂದು ಚಪ್ಪರ ಹಾಕಿಸಿದ. ಹಾಯಿ ಮಡಚಿಟ್ಟ. ದಿನಕ್ಕೆರಡು ಸಲ ಒಣಬಟ್ಟೆಯಲ್ಲಿ ಒರೆಸಿದ. ಗೆರೆ ಬರಲಿಲ್ಲ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ದಾಟುವ ಜನ ಪಕ್ಕದ ಅಂಬಿಗನ ದೋಣಿ ಹತ್ತಿದರು. ಅದರ ಮೈಮೇಲೆ ಅಂಗೈ ಅಗಲದ ಕಂದು ಗೆರೆಯಿತ್ತು. "ಹುಟ್ಟಿದ ಮೇಲೆ ಮುಖ ತೊಳೆಯದ ದೋಣಿ" ಎಂದು ಇವನು ಚಪ್ಪರದಡಿ ಕುಳಿತು ನಗುತ್ತಿದ್ದ.

ಮಳೆ ಕಳೆದು ಚಳಿ ಬಂತು, ಚಳಿ ಕಳೆದು ಬಿಸಿಲು ಬಂತು. ಒಂದು ಮಧ್ಯಾಹ್ನ ಕುದ್ರುವಿನ ದಡದಲ್ಲಿ ಯಾರೋ ಕೆಂಪು ಸೀರೆ ಬೀಸಿದರು. ಅಲ್ಲಿ ಹೆರಿಗೆ ಕಷ್ಟವಾದರೆ ಹಾಗೆ ಬೀಸುವುದು ವಾಡಿಕೆ. ಆ ಹೊತ್ತಿಗೆ ಕುದ್ರುವಿನಲ್ಲಿ ದಿನ ತುಂಬಿದ ಬಸುರಿ ಅಂಬಿಗನ ಮಗಳೊಬ್ಬಳೇ. ಸೂಲಗಿತ್ತಿ ಇರುವುದು ಈ ದಡದಲ್ಲಿ. ಪಕ್ಕದವನ ದೋಣಿ ಆಚೆಯ ದಡಕ್ಕೆ ಹೋಗಿತ್ತು, ಕಡವಿನಲ್ಲಿ ಬೇರೆ ದೋಣಿ ಇರಲಿಲ್ಲ.

ಅಂಬಿಗ ನಾಲ್ಕು ಜನರನ್ನು ಕೂಗಿ ಕರೆದು ಚಪ್ಪರದಿಂದ ದೋಣಿ ಇಳಿಸಿದ. ಸೂಲಗಿತ್ತಿ ಹತ್ತಿ ಕುಳಿತಳು. ಹಾಯಿ ಏರಿತು. ಇಪ್ಪತ್ತು ಮಾರು ಹೋಗಿರಲಿಲ್ಲ, ಸೂಲಗಿತ್ತಿಯ ಪಾದ ನೆನೆಯಿತು. ಆಮೇಲೆ ಮೊಣಕಾಲು. ತಿಂಗಳುಗಟ್ಟಲೆ ಒಣಗಿದ ಹಲಗೆ ಸೊರಗಿ, ಸಂದುಸಂದಿನಲ್ಲೂ ಉಗುರು ತೂರುವಷ್ಟು ಬಿರಿದಿತ್ತು. ಅವನು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದು ಕೈಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದ. ಚೆಲ್ಲಿದ್ದಕ್ಕಿಂತ ಹೆಚ್ಚು ಒಳಗೆ ಬಂತು. ದೋಣಿ ಅಂಚಿನವರೆಗೆ ಕುಸಿಯಿತು. ಪುಣ್ಯಕ್ಕೆ ನೀರು ಎದೆಮಟ್ಟವಷ್ಟೇ ಇತ್ತು.

"ಇಷ್ಟು ಚಂದದ ದೋಣಿಯನ್ನು ನಾನು ಕಂಡಿಲ್ಲ" ಎಂದಳು ಸೂಲಗಿತ್ತಿ, ಮದ್ದಿನ ಗಂಟನ್ನು ತಲೆಯ ಮೇಲೆತ್ತಿ ಹಿಡಿದು. "ಇನ್ನಾದರೂ ಆ ಕೊಳಕು ದೋಣಿಯವನನ್ನು ಕೂಗು."

ಅಂಬಿಗ ಎದೆಮಟ್ಟದ ನೀರಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ಕುದ್ರುವಿನಲ್ಲಿ ಕೆಂಪು ಸೀರೆ ಬೀಸುತ್ತಲೇ ಇತ್ತು. ಅವನು ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ. ಪಕ್ಕದವನು ಆಚೆ ದಡದಲ್ಲಿ ಜನರನ್ನು ಇಳಿಸಿ ತಿರುಗಿ ಬರುವಷ್ಟರಲ್ಲಿ ಹೊತ್ತು ಬಾಗಿತ್ತು. ಸೂಲಗಿತ್ತಿ, ಅಂಬಿಗ ಇಬ್ಬರೂ ಆ ದೋಣಿ ಹತ್ತಿದರು. ಅದರ ಗೆರೆಯನ್ನು ಅವಳು ನೋಡಲಿಲ್ಲ, ಅಂಬಿಗನೂ ನೋಡಲಿಲ್ಲ. ಮಗು ಅಡ್ಡ ಬಂದಿತ್ತು. ತಾಯಿ, ಮಗು ಉಳಿದರು. "ಇನ್ನೂ ಸ್ವಲ್ಪ ತಡವಾಗಿದ್ದರೆ" ಎಂದು ಸೂಲಗಿತ್ತಿ ಅಂಬಿಗನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಕೇಳಿದ: "ಆ ದೋಣಿ ಏನಾಯಿತು? ಬಿರಿದ ಸಂದು ಮತ್ತೆ ಕೂಡಿತೇ?"

"ಕೂಡಿತು. ಒಣಗಿ ಬಿರಿದ ದೋಣಿಗೆ ಅಂಬಿಗರು ಮಾಡುವ ಮದ್ದು ಒಂದೇ. ಅದನ್ನು ಹೊಳೆಯಲ್ಲೇ ಹತ್ತು ದಿನ ಮುಳುಗಿಸಿಟ್ಟರು. ಹಲಗೆ ನೀರು ಕುಡಿದು ಉಬ್ಬಿತು, ಸಂದು ಮುಚ್ಚಿಕೊಂಡಿತು. ಆಮೇಲೆ ಆ ದೋಣಿ ಇಪ್ಪತ್ತು ವರ್ಷ ಜನರನ್ನು ದಾಟಿಸಿತು."

"ಗೆರೆ?"

"ಇತ್ತು."

ಶಿಷ್ಯ ನೆಲದ ಮೇಲಿದ್ದ ಸೌಟನ್ನು ನೋಡಿದ. ಕೈ ಚಾಚಿ ಅದನ್ನು ಎತ್ತಿಕೊಂಡ.

ಗುರುಗಳು ಎದ್ದು ನಿಂತು ಹೇಳಿದರು: "ಇವತ್ತಿನಿಂದ ಸಂಜೆಯ ಪಂಕ್ತಿಗೂ ನೀನೇ ಬಡಿಸು, ಆ ಮುದುಕ ಮೊದಲ ಎಲೆಗೇ ಕೂರುತ್ತಾನೆ."