ಸಿಂಹ ಸವೆದ ಚಾಕು

ನನ್ನ ಮೀಸೆಯ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಹತ್ತಿರ ಒಂದೇ ಕಂಪನಿಯ ಎರಡು ಮಡಚುವ ಚಾಕುಗಳಿದ್ದವು. ದಿನವೂ ಜೇಬಿನಲ್ಲಿರುತ್ತಿದ್ದ ಹಳೆಯದರ ಹಿಡಿಯ ಮೇಲಿನ ಸಿಂಹದ ಗುರುತು ಪೂರ್ತಿ ಸವೆದಿತ್ತು. ಪೆಟ್ಟಿಗೆಯಲ್ಲೇ ಇದ್ದ ಹೊಸದರದು ಫಳಫಳ ಹೊಳೆಯುತ್ತಿತ್ತು. ಆಯುಧಪೂಜೆಯ ಬೆಳಿಗ್ಗೆ ನಮ್ಮವಳು, "ಒಂದು ಸಾಕು, ಇನ್ನೊಂದನ್ನು ಗುಜರಿಗೆ ಹಾಕಿ" ಎನ್ನುತ್ತಾ ಎರಡರ ಹಿಡಿಗೂ ಕುಂಕುಮ ಮೆತ್ತಿ ಪೂಜೆಯ ತಟ್ಟೆಯಲ್ಲಿಟ್ಟಳು.

"ಗುಜರಿಗೆ ನೀನೇ ಕಣಯ್ಯ. ನಿನ್ನ ಸಿಂಹ ಎಲ್ಲಿ?" ಎಂದಿತು ಹೊಸದು.

"ಅದೇ ತಿಳಿಯದು. ಯಾರೂ ಕಿತ್ತುಕೊಂಡಿಲ್ಲ. ಅಂದಹಾಗೆ, ನಿನ್ನದೆಲ್ಲಿ?"

ಹೊಸದು ನೋಡಿಕೊಂಡರೆ ಬರೀ ಕುಂಕುಮ. "ಅಯ್ಯೋ! ಹಾಗಾದರೆ ನಾನು ಯಾರು?"

"ನನ್ನನ್ನು ಕೇಳಬೇಡ ಮಾರಾಯ, ನನಗೇ ಗೊಂದಲ."

ಅಷ್ಟರಲ್ಲಿ ಸ್ಕೂಟರಿಗೆ ನಿವಾಳಿಸುವ ನಿಂಬೆಹಣ್ಣು ಕೊಯ್ಯಲು ನಾನು ನೋಡದೆಯೇ ತಟ್ಟೆಗೆ ಕೈಹಾಕಿದೆ. ಹೊಸದು ಅಂಗೈಯಲ್ಲಿ ಜಾರಿತು, ಕೆಳಗಿಟ್ಟೆ. ಹಳೆಯದನ್ನು ಹಿಡಿದರೆ ಹೆಬ್ಬೆರಳು ಸಿಂಹ ಸವೆದ ಜಾಗದಲ್ಲೇ ಹೋಗಿ ಕೂತಿತು.

"ಓಹೋ, ಸಿಂಹ ಕದ್ದ ಕಳ್ಳ ಸಿಕ್ಕಿದ!" ಎಂದು ನಗುತ್ತಾ ಹಳೆಯದು ನಿಂಬೆಹಣ್ಣು ಸೀಳಿತು.

ಹೊಸದು ಮಾತ್ರ ಗುಜರಿ ಚೀಲಕ್ಕೆ ಬಿದ್ದ ಮೇಲೂ, "ಹೋಗುತ್ತಿರುವುದು ನಾನೋ, ಅವನೋ?" ಎಂದು ಕೇಳುತ್ತಲೇ ಇತ್ತು.

ಎಲ್ಲ ಸತ್ಯ. ಸಿಂಹವೊಂದು ಮಾತ್ರ ನಾನು ಸೇರಿಸಿದ್ದು, ಗುರುತಿನಲ್ಲಿದ್ದದ್ದು ಬೆಕ್ಕು.