ಸ್ಟ್ಯಾಂಡಿನ ಮೇಲೆ ತಿರುಗಿದ ಗಾಲಿ

“ಅಜ್ಜಾರ, ನನ್ನ ಸಿಟ್ಟು ಪೂರ್ತಿ ಹೋಗೈತ್ರಿ. ಇನ್ನ ನನಗ ದೀಕ್ಷಾ ಕೊಡಬಹುದಲ್ರಿ?” ಎಂದು ಶಿಷ್ಯ ಸಂಗಯ್ಯ ಗುರುಗಳನ್ನು ಕೇಳಿದ.

ಸಂಗಯ್ಯ ಒಡಹುಟ್ಟಿದ ಅಣ್ಣನೊಡನೆ ಜಗಳವಾಡಿ, ಇನ್ನು ಅವನ ಮುಖ ನೋಡುವುದಿಲ್ಲವೆಂದು ಮನೆ ಬಿಟ್ಟು ಮಠ ಸೇರಿದವನು. ಬಂದ ಹೊಸತರಲ್ಲಿ ಅವನ ಸಿಟ್ಟಿಗೆ ಮಠದ ಬೆಕ್ಕೂ ಹೆದರುತ್ತಿತ್ತು. ಈಗ ಯಾರನ್ನೂ ಗದರುವುದಿಲ್ಲ. ಮುಂಜಾನೆ ಹೂ ಕೊಯ್ಯುತ್ತಾನೆ, ಸಂಜೆ ಕಣ್ಣು ಮುಚ್ಚಿ ಕೂರುತ್ತಾನೆ. ಅಣ್ಣನನ್ನು ನೆನೆದರೂ ಮನಸ್ಸು ಕದಡುವುದಿಲ್ಲವೆಂದು ಅವನೇ ಹೇಳಿದ. ಹೇಳುವಾಗ ಮುಖದಲ್ಲಿ ಸಮಾಧಾನವಿತ್ತು, ತುಸು ಜಂಬವೂ ಇತ್ತು.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬಳು ಮಗಳು. ಕಾಲೇಜು ಕೆರೆಯ ಆಚೆ ಇತ್ತು. ನೇಕಾರ ದಿನವೂ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೆರೆಯ ಏರಿ ಹತ್ತಿ ಹೋಗುತ್ತಿದ್ದ. ದಾರಿ ಕಿರಿದು. ಒಂದು ಬದಿಗೆ ನೀರು.

ಒಂದು ದಿನ ಏರು ಹತ್ತುವಾಗ ಪೆಡಲು ಜಾರಿತು. ಕಾಲು ತುಳಿಯುತ್ತಿತ್ತು, ಗಾಲಿ ಮುಂದೆ ಹೋಗಲಿಲ್ಲ. ಸೈಕಲ್ಲು ಹಿಂದಕ್ಕೆ ಉರುಳಿತು. ಮಗಳು ಕೆಳಗೆ ಹಾರಿ ನಿಂತಳು. ಅವಳ ಚೀಲ ನೀರಿಗೆ ಬಿತ್ತು.

ನೇಕಾರ ನೇರವಾಗಿ ಸೈಕಲ್ ಅಂಗಡಿಗೆ ಹೋದ. ರಿಪೇರಿಯವನು ಚೈನು ಬಿಗಿ ಮಾಡಿದ, ಎಣ್ಣೆ ಬಿಟ್ಟ. ಆಮೇಲೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕೈಯಿಂದ ಪೆಡಲು ತಿರುಗಿಸಿದ. ಹಿಂದಿನ ಗಾಲಿ ನೆಲ ಮುಟ್ಟದೆ ಗಿರ್ರನೆ ತಿರುಗಿತು. ಅಂಗಡಿಯ ಮುಂದೆ ಹರಟುತ್ತ ಕೂತವರು ವಾಹ್ ಎಂದರು. ನೇಕಾರನೂ ಸರಿಯಾಯಿತೆಂದು ನಂಬಿದ.

ಮರುದಿನ ಅದೇ ಏರಿನಲ್ಲಿ ಪೆಡಲು ಮತ್ತೆ ಜಾರಿತು. ಈ ಸಲ ಮಗಳು ಬಿದ್ದು ಮೊಣಕಾಲು ತರಚಿಕೊಂಡಳು. ಇನ್ನು ಈ ಸೈಕಲ್ಲು ಹತ್ತುವುದಿಲ್ಲ, ಕಾಲೇಜೂ ಬೇಡ ಎಂದು ಅತ್ತಳು. ನೇಕಾರ ಅವಳನ್ನು ಮನೆಗೆ ಬಿಟ್ಟು ಮತ್ತೆ ಅಂಗಡಿಗೆ ಬಂದ. ರಿಪೇರಿಯವನ ಮುಖ ಕೆಂಪಾಯಿತು. ಮತ್ತೆ ಸ್ಟ್ಯಾಂಡ್ ಹಾಕಿದ, ಮತ್ತೆ ಗಾಲಿ ತಿರುಗಿಸಿದ.

“ನೋಡ್ರಿ ಕಾಕಾ, ಹೆಂಗ ತಿರಗಾಕತ್ತೈತಿ! ಸೈಕಲ್ಲಿನಾಗ ಏನೂ ದೋಷ ಇಲ್ಲ. ನಿಮ್ಮ ಕಾಲಾಗ ಕಸುವಿಲ್ಲ.”

ಕೂತವರೆಲ್ಲ ನಕ್ಕರು.

ಸಂಗಯ್ಯಾ, ನೀನಾಗಿದ್ದರೆ ಅಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಹಳೆಯ ಸಂಗಯ್ಯನ ಮಾತು ಹೇಳುತ್ತಿದ್ದೇನೆ, ಮುಖ ಊದಿಸಬೇಡ. ಇನ್ನೊಬ್ಬನಾಗಿದ್ದರೆ ಬಾಯಿ ಮುಚ್ಚಿಕೊಂಡು ಬೇರೆ ಅಂಗಡಿ ಹುಡುಕುತ್ತಿದ್ದ. ನೇಕಾರ ಎರಡನ್ನೂ ಮಾಡಲಿಲ್ಲ. ಅವನಿಗೆ ಅನುಮಾನವೇ ಇರಲಿಲ್ಲ. ಜಾರಿದ್ದು ಅವನ ಕಾಲಡಿಯಲ್ಲಿ, ಬಿದ್ದವಳು ಅವನ ಮಗಳು. ಹತ್ತು ಜನ ನಕ್ಕ ಮಾತ್ರಕ್ಕೆ ಅದು ಸುಳ್ಳಾಗುತ್ತದೆಯೇ?

ಅವನು ಕಾಲಿನಿಂದ ಸ್ಟ್ಯಾಂಡನ್ನು ಎತ್ತಿದ. ಗಾಲಿ ನೆಲಕ್ಕಿಳಿಯಿತು.

“ಸ್ಟ್ಯಾಂಡ್ ಬ್ಯಾಡಪ್ಪ. ನೀ ತುಳಿ, ನಾ ಹಿಂದ ಕುಂದರತೀನಿ. ಕೆರಿ ಏರಿ ಹತ್ತಿಸು” ಎಂದ.

ಅಷ್ಟು ಜನರೆದುರು ಒಲ್ಲೆ ಎನ್ನುವುದು ಹೇಗೆ? ರಿಪೇರಿಯವನು ಸೈಕಲ್ಲು ಹತ್ತಿದ. ಸಮನೆಲದಲ್ಲಿ ಸಿಳ್ಳೆ ಹಾಕುತ್ತಲೇ ತುಳಿದ. ಏರು ಶುರುವಾಯಿತು, ಸಿಳ್ಳೆ ನಿಂತಿತು. ಅರ್ಧ ಏರಿನಲ್ಲಿ ಅವನು ಎದ್ದು ನಿಂತು ತುಳಿದ. ಪೆಡಲು ಜಾರಿತು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು, ಸೈಕಲ್ಲು ಹಿಂದಕ್ಕೆ ಹೊರಟಿತು. ನೇಕಾರ ಎರಡೂ ಕಾಲು ಊರಿ ತಡೆದು ಹಿಡಿದ. ರಿಪೇರಿಯವನು ಪಕ್ಕಕ್ಕೆ ನೋಡಿದ. ಕೆಳಗೆ ನೀರಿತ್ತು.

“ಈಗ ನಾ ಕುಂತಲ್ಲೇ ನನ್ನ ಮಗಳು ಕುಂತಿದ್ಲು” ಎಂದ ನೇಕಾರ.

ಬೈಗುಳ ಒಂದೂ ಇರಲಿಲ್ಲ. ರಿಪೇರಿಯವನಿಗೆ ಅದೇ ಹೆಚ್ಚು ನೋವಾಯಿತು. ಅವನು ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಬಂದ, ಹಿಂದಿನ ಗಾಲಿಯನ್ನು ಬಿಚ್ಚಿದ. ಪೆಡಲಿನ ಬಲವನ್ನು ಗಾಲಿಗೆ ಕೊಡುವ ಫ್ರೀವೀಲಿನ ಒಳಗೆ ಹಲ್ಲು ಸವೆದಿತ್ತು. ಹಗುರವಾಗಿ ತಿರುಗಿಸಿದರೆ ಹಿಡಿಯುತ್ತಿತ್ತು, ಭಾರ ಬಿದ್ದರೆ ಬಿಟ್ಟುಬಿಡುತ್ತಿತ್ತು. ಅವನು ಹೊಸದನ್ನು ಹಾಕಿದ. ಅಭ್ಯಾಸಬಲದಿಂದ ಅವನ ಕೈ ಸ್ಟ್ಯಾಂಡಿನ ಕಡೆಗೆ ಹೋಯಿತು, ನಾಚಿ ಹಿಂದಕ್ಕೆ ಬಂತು. ನೇಕಾರನನ್ನು ಹಿಂದೆ ಕೂರಿಸಿಕೊಂಡು ತಾನೇ ಏರಿ ಹತ್ತಿಸಿದ. ಸೈಕಲ್ಲು ಎಲ್ಲೂ ಜಾರಲಿಲ್ಲ. ಮರುದಿನ ಮಗಳು ಕಾಲೇಜಿಗೆ ಹೋದಳು. ಅಂದಿನಿಂದ ಆ ಅಂಗಡಿಯಲ್ಲಿ ರಿಪೇರಿಯಾದ ಸೈಕಲ್ಲು ಭಾರ ಹೊತ್ತು ಏರಿ ಹತ್ತಿ ಬಂದ ಮೇಲೆಯೇ ಗಿರಾಕಿಯ ಕೈಗೆ ಹೋಗುತ್ತಿತ್ತು.

ಗುರುಗಳು ಕತೆ ಮುಗಿಸಿದರು.

ಸಂಗಯ್ಯನಿಗೆ ಕತೆ ಹಿಡಿಸಿತು. ಮೊಣಕಾಲಿಗೆ ಪೆಟ್ಟು ಬಿದ್ದದ್ದನ್ನು ನೆನೆದು ನಕ್ಕ.

“ತಿಳೀತ್ರಿ ಅಜ್ಜಾರ. ಆ ರಿಪೇರಿಯವನಿಗೆ ಸ್ಟ್ಯಾಂಡ್ ತಗದು ನೋಡೋದ ಗೊತ್ತಿರಲಿಲ್ಲ. ಶುದ್ಧ ದಡ್ಡ ಬಿಡ್ರಿ. ಅಂದಂಗ, ನನ್ನ ದೀಕ್ಷಾ?”

ಗುರುಗಳು ಬಾಗಿಲ ಕಡೆಗೆ ಕೈ ತೋರಿಸಿದರು.

“ನಿನ್ನ ಅಣ್ಣ ಮುಂಜಾನಿಂದ ಹೊರಗ ಕಟ್ಟಿ ಮ್ಯಾಲ ಕುಂತಾನ, ಹೋಗಿ ಒಳಗ ಕರಕೊಂಡ ಬಾ.”

ಸಂಗಯ್ಯನ ನಗು ಅಲ್ಲೇ ನಿಂತಿತು. ಅವನು ಕೂತಲ್ಲಿಂದ ಏಳಲಿಲ್ಲ.